ಫೋಟೊದ ಅಂಚಿನಲ್ಲೊಂದು ಎಸ್‌ಟಿಡಿ ಬೂತ್

ನಮ್ಮ ಮನೆಯಲ್ಲಿ ಸೋದರತ್ತೆಯ ಹಳೆಯ ಸ್ಟುಡಿಯೊ ಫೋಟೊ ಒಂದಿದೆ. ಹಿಂದೆ ಬೆಟ್ಟ, ಕೊಳ, ಹಂಸ ಬರೆದ ಪರದೆ. ಪಕ್ಕದಲ್ಲಿ ಎತ್ತರದ ಸ್ಟೂಲು. ಅದರ ಮೇಲೆ ಕಪ್ಪು ಟೆಲಿಫೋನು. ರಿಸೀವರನ್ನು ಕಿವಿಗಿಟ್ಟುಕೊಂಡು ಅತ್ತೆ ಕ್ಯಾಮೆರಾ ನೋಡುತ್ತಿದ್ದಾರೆ. ಆ ಕಡೆಯಿಂದ ಯಾರೋ ಗಹನವಾದ ಸುದ್ದಿ ಹೇಳುತ್ತಿದ್ದಾರೆ ಎನ್ನುವಂಥ ಮುಖ. ಫೋನಿನ ಹಿಂದಿನಿಂದ ಹೊರಟ ವೈರು ಸ್ಟೂಲಿನ ಕಾಲಿನವರೆಗೆ ಇಳಿದು ಅಲ್ಲಿಗೇ ಮುಗಿಯುತ್ತದೆ. ಅವರ ಊರಿಗೆ ಆಗಿನ್ನೂ ಫೋನ್ ಬಂದಿರಲಿಲ್ಲ.

ಆಗಿನ ಸ್ಟುಡಿಯೊಗಳಲ್ಲಿ ಹೂದಾನಿ, ರೇಡಿಯೊಗಳ ಜೊತೆ ಇಂಥದ್ದೊಂದು ಫೋನೂ ಇರುತ್ತಿತ್ತು. ಮನೆಯಲ್ಲಿ ಇಲ್ಲದ್ದನ್ನು ಫೋಟೊದಲ್ಲಾದರೂ ಕೈಯಲ್ಲಿ ಹಿಡಿಯಬಹುದಿತ್ತು. ಮುಂದೆ ಬೀದಿಬೀದಿಗೂ ಫೋನ್ ಬಂತು. ಬಂದ ಮೇಲೆ ಯಾರೂ ಅದರತ್ತ ಕ್ಯಾಮೆರಾ ತಿರುಗಿಸಲಿಲ್ಲ. ಈಗ ಮರೆಯಾಗುತ್ತಿರುವಾಗ, ಟೆಲಿಫೋನು ಮತ್ತು ಟೆಲಿಫೋನ್ ಬೂತುಗಳ ಫೋಟೊ ತೆಗೆಯುವುದನ್ನೇ ಹವ್ಯಾಸ ಮಾಡಿಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಹುಚ್ಚು ಎನ್ನುವವರು ಎನ್ನಲಿ, ಇದರಲ್ಲಿ ಕಸುಬೂ ಇದೆ, ಒಂದಿಷ್ಟು ಪತ್ತೇದಾರಿಕೆಯೂ ಇದೆ.

ಕಪ್ಪು ಫೋನನ್ನೇ ಮೊದಲು ನೋಡೋಣ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾಯಿತು. ಜನರ ಬಾಯಲ್ಲಿ ಅದು ಐಟಿಐ. ಕೃಷ್ಣರಾಜಪುರದ ಬಳಿ ಆ ಕಾರ್ಖಾನೆ ಇರುವ ಜಾಗದ ಹೆಸರೇ ದೂರವಾಣಿನಗರ. ದೇಶದ ಎಷ್ಟೋ ಕಚೇರಿಗಳ ಮೇಜಿನ ಮೇಲೆ ಕೂತ ಡಯಲ್ ಫೋನುಗಳು ಹೊರಟದ್ದು ಇಲ್ಲಿಂದ. ಆ ಕಪ್ಪು ಮೈಯ ಹೊಳಪೇ ಫೋಟೊ ತೆಗೆಯುವವರಿಗೆ ತಲೆನೋವು. ಫ್ಲಾಶ್ ಹೊಡೆದರೆ ಸುಣ್ಣದ ಬೊಟ್ಟಿಟ್ಟಂತೆ ಬಿಳಿ ಕಲೆ ಬೀಳುತ್ತದೆ. ಕಿಟಕಿಗೆ ತೆಳುವಾದ ಬಿಳಿ ಪಂಚೆ ಕಟ್ಟಿ, ಸೋಸಿ ಬಂದ ಬೆಳಕಿನಲ್ಲಿ ತೆಗೆದರೆ ಅಂಚುಗಳು ಮಾತ್ರ ಮೆಲ್ಲಗೆ ಮಿನುಗುತ್ತವೆ. ಧೂಳು ಒರೆಸಲೇಬೇಕು. ಆದರೆ ರಿಸೀವರಿನ ಹಿಡಿ ಸವೆದು ಮಂಕಾದ ಜಾಗಕ್ಕೆ ಪಾಲಿಶ್ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಷ್ಟು ವರ್ಷ ಅದನ್ನು ಹಿಡಿದ ಕೈಗಳ ಗುರುತು ಉಳಿದಿರುವುದು ಅಲ್ಲೇ.

ಡಯಲ್ ತಿರುಗುವುದನ್ನೂ ಸೆರೆಹಿಡಿಯಬಹುದು. ಸೊನ್ನೆಗೆ ಬೆರಳಿಟ್ಟು ಪೂರ್ತಿ ಎಳೆದು ಬಿಟ್ಟರೆ, ಅದು ಹತ್ತು ಮಿಡಿತಗಳನ್ನು ಎಕ್ಸ್‌ಚೇಂಜಿಗೆ ಕಳಿಸುತ್ತಾ ಹಿಂದಕ್ಕೆ ಸರಿಯುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಮಿಡಿತದ ವೇಗ. ಎಂದರೆ ಸೊನ್ನೆ ಮನೆಗೆ ಮರಳಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿ ಶಟರನ್ನು ಒಂದು ಸೆಕೆಂಡು ತೆರೆದಿಟ್ಟರೆ ತೂತಿನ ತಟ್ಟೆ ಮಸುಕಾದ ಉಂಗುರವಾಗಿ ಕರಗುತ್ತದೆ, ಕೆಳಗಿನ ಅಂಕಿಗಳು ಅಲ್ಲಾಡದೆ ಉಳಿಯುತ್ತವೆ. ಆ ಕಿರ್ರೆಂಬ ಸದ್ದನ್ನು ಕಣ್ಣಿಗೆ ಕಾಣಿಸಲು ಬೇರೆ ಉಪಾಯ ನನಗೆ ತಿಳಿಯದು.

ಬೂತುಗಳಲ್ಲಿ ಇಂಗ್ಲೆಂಡಿನ ಕೆಂಪು ಪೆಟ್ಟಿಗೆಯಷ್ಟು ಫೋಟೊಕ್ಕೆ ಸಿಕ್ಕಿದ್ದು ಇನ್ನೊಂದಿರಲಾರದು. 1924ರ ಸ್ಪರ್ಧೆಯಲ್ಲಿ ಗೆದ್ದ ಅದರ ವಿನ್ಯಾಸ ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರದು. ಹೊರಗೆ ಬೆಳ್ಳಿ ಬಣ್ಣ ಇರಲಿ ಎಂದು ಅವರು ಹೇಳಿದ್ದರು. ಅಂಚೆ ಇಲಾಖೆ ಕೆಂಪು ಬಳಿಯಿತು. ಮೊದಲ ಮಾದರಿ ಕೆ2, ಹೆಚ್ಚಾಗಿ ಲಂಡನ್ನಿಗೇ ಸೀಮಿತ. ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬದ ನೆನಪಿಗೆಂದು 1935ರಲ್ಲಿ ರೂಪಿಸಿದ ಕೆ6 ಹಳ್ಳಿಹಳ್ಳಿಗೂ ಹೋಯಿತು. ಪ್ರವಾಸಿಗಳಿಗೆ ಎರಡೂ ಒಂದೇ; ಹವ್ಯಾಸಿಗಳು ಮಾತ್ರ ಮೊದಲು ತಲೆಯತ್ತ ಕಣ್ಣು ಹಾಯಿಸುತ್ತಾರೆ. ಮೇಲಿನ ಕಿರೀಟದಲ್ಲಿ ಗಾಳಿಯಾಡಲು ತೂತುಗಳಿದ್ದರೆ ಕೆ2. ಬಾಗಿಲಿನ ಗಾಜುಗಳು ಎಂಟು ಸಾಲಾಗಿದ್ದು ನಡುವಿನವು ಅಗಲವಾಗಿದ್ದರೆ ಕೆ6. ಎರಡನೇ ಎಲಿಜಬೆತ್ ರಾಣಿಯಾದ ಮೇಲೆ ಕಿರೀಟದ ಆಕಾರವೇ ಬದಲಾಯಿತು. ಹಲ್ ಪಟ್ಟಣದಲ್ಲಿ ಟೆಲಿಫೋನು ನಗರಸಭೆಯ ಕೈಯಲ್ಲಿತ್ತು, ಹಾಗಾಗಿ ಅಲ್ಲಿನ ಪೆಟ್ಟಿಗೆಗಳಿಗೆ ಕೆನೆ ಬಣ್ಣ, ಕಿರೀಟವಿಲ್ಲ. ಸ್ಕಾಟ್ ಮಾಡಿಸಿದ ಮರದ ಮೂಲ ಮಾದರಿ ಇವತ್ತಿಗೂ ಲಂಡನ್ನಿನ ರಾಯಲ್ ಅಕಾಡೆಮಿಯ ಬಾಗಿಲಲ್ಲಿ ನಿಂತಿದೆ.

ಗಾಜಿನ ಬೂತಿನಲ್ಲಿ ಫೋಟೊ ತೆಗೆಯುವವರೇ ಪ್ರತಿಬಿಂಬವಾಗಿ ಬಿದ್ದುಬಿಡುವ ತೊಂದರೆ ಇದ್ದದ್ದೇ. ನೇರ ನಿಲ್ಲದೆ ಓರೆಯಾಗಿ ನಿಂತು ಪೋಲರೈಸರ್ ತಿರುಗಿಸಿದರೆ ಗಾಜಿನ ಹೊಳಪು ಇಳಿಯುತ್ತದೆ. ಲೋಹದ ಹೊಳಪಿಗೆ ಆ ಮದ್ದು ನಾಟುವುದಿಲ್ಲ. ಒಳ್ಳೆಯ ಹೊತ್ತು ಗೋಧೂಳಿ. ಸೂರ್ಯ ಮುಳುಗಿದ ಮೇಲೆ, ಒಳಗಿನ ದೀಪವೂ ಹೊರಗಿನ ಆಕಾಶವೂ ಸರಿಸಮ ಬೆಳಗುವ ಕೆಲವೇ ನಿಮಿಷಗಳಲ್ಲಿ ಬೂತ್ ಲಾಟೀನಿನಂತೆ ಕಾಣುತ್ತದೆ. ಪ್ರತಿಬಿಂಬವನ್ನೇ ವಸ್ತು ಮಾಡಿಕೊಂಡವರೂ ಇದ್ದಾರೆ. ಅಮೆರಿಕದ ರಿಚರ್ಡ್ ಎಸ್ಟೆಸ್ ತಾವು ತೆಗೆದ ಫೋಟೊಗಳನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆಯುವವರು. ಅವರ 1967ರ ‘ಟೆಲಿಫೋನ್ ಬೂತ್ಸ್’ ಚಿತ್ರದಲ್ಲಿ ಮಾತಾಡುವವರಿಗಿಂತ ಗಾಜಿನಲ್ಲೂ ಲೋಹದಲ್ಲೂ ಒಡೆದು ಹಂಚಿಹೋದ ನ್ಯೂಯಾರ್ಕ್ ಬೀದಿಯೇ ಹೆಚ್ಚು. ಅದೇ ನಗರ ತನ್ನ ಕೊನೆಯ ಸಾರ್ವಜನಿಕ ಪೇಫೋನನ್ನು 2022ರ ಮೇ 23ರಂದು ಬುಡಸಮೇತ ಕಿತ್ತು ಮ್ಯೂಸಿಯಮ್ಮಿಗೆ ಕಳಿಸಿತು. ಅದನ್ನು ನೋಡಲು ಕ್ಯಾಮೆರಾಗಳ ಜಾತ್ರೆಯೇ ನೆರೆದಿತ್ತು. 1984ರಲ್ಲಿ ಶುರುವಾದ ಅಲ್ಲಿನ ‘2600’ ಪತ್ರಿಕೆಯಂತೂ ಓದುಗರು ದೇಶದೇಶಗಳಿಂದ ಕಳಿಸಿದ ಪೇಫೋನ್ ಫೋಟೊಗಳನ್ನು ಸಂಚಿಕೆ ಸಂಚಿಕೆಗೂ ಅಚ್ಚುಹಾಕುತ್ತ ಬಂದಿದೆ.

ಇನ್ನು ನಮ್ಮ ಹಳದಿ ಬೂತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದು ಕಟ್ಟಿದ 128 ಲೈನಿನ ಪುಟ್ಟ ಎಕ್ಸ್‌ಚೇಂಜು ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಏರ್‌ಕಂಡೀಷನ್ ಇಲ್ಲದೆ, ಬಿಸಿಲು ಧೂಳು ತಡೆದು ನಿಲ್ಲುವಂಥದ್ದು. ಅಲ್ಲಿಂದ ಮುಂದೆ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂಬ ಬೋರ್ಡು ಕಾಣದ ಬಸ್‌ಸ್ಟ್ಯಾಂಡ್ ಇರಲಿಲ್ಲ. ಎಷ್ಟೋ ಬೂತುಗಳನ್ನು ಅಂಗವಿಕಲರು ನಡೆಸುತ್ತಿದ್ದರು. ಒಳಗೆ ಒಬ್ಬರು ನಿಲ್ಲುವಷ್ಟು ಜಾಗ, ತಲೆಯ ಮೇಲೆ ಚಿಕ್ಕ ಫ್ಯಾನು, ಕೆಂಪು ಅಂಕಿಗಳಲ್ಲಿ ದುಡ್ಡು ಏರುವ ಮೀಟರು, ಪ್ಲೈವುಡ್ ಗೋಡೆಯ ಮೇಲೆ ಬಾಲ್‌ಪೆನ್ನಿನಲ್ಲಿ ಗೀಚಿದ ಹೆಸರಿಲ್ಲದ ನಂಬರುಗಳು. ರಾತ್ರಿ ದರ ಇಳಿಯುವುದನ್ನೇ ಕಾದು ಸಾಲು ನಿಂತವರಿಗೆ ಒಳಗಿನವರ ಸಂಸಾರದ ಅರ್ಧ ಕಥೆ ಗೊತ್ತಾಗುತ್ತಿತ್ತು.

ಇಷ್ಟೆಲ್ಲ ಇದ್ದದ್ದಕ್ಕೆ ಫೋಟೊ ಎಲ್ಲಿ? ಮೂವತ್ತಾರು ಫೋಟೊದ ರೀಲನ್ನು ಬೂತಿಗೆ ಖರ್ಚು ಮಾಡುವವರು ಯಾರಿದ್ದರು! ಹಾಗಾಗಿ ಈ ಹವ್ಯಾಸ ನಮ್ಮಲ್ಲಿ ಹುಡುಕಾಟದಿಂದ ಶುರುವಾಗಬೇಕು. ಗಣಪತಿ ಮೆರವಣಿಗೆ, ಚುನಾವಣೆಯ ಭಾಷಣ, ಶಾಲೆಯ ಪ್ರವಾಸ, ಯಾರದೋ ಹೊಸ ಸ್ಕೂಟರಿನ ಪೂಜೆ: ಇಂಥ ಫೋಟೊಗಳ ಅಂಚಿನಲ್ಲಿ ಹಳದಿ ಬೋರ್ಡಿನ ತುಂಡು ಸಿಗುತ್ತದೆ. ಮೊಬೈಲ್ ರೀಚಾರ್ಜ್ ಅಥವಾ ಜೆರಾಕ್ಸ್ ಅಂಗಡಿಯಾಗಿ ಬದಲಾದ ಬೂತುಗಳ ಬೋರ್ಡಿನಲ್ಲೂ, ಇಳಿಬಿಸಿಲು ಓರೆಯಾಗಿ ಬಿದ್ದಾಗ, ಹೊಸ ಬಣ್ಣದ ಅಡಿಯಿಂದ ಹಳೆಯ ಅಕ್ಷರಗಳ ಉಬ್ಬು ಮೇಲೇಳುವುದುಂಟು.

ನನಗೆ ಸಿಕ್ಕ ಒಂದು ಫೋಟೊ ಧರ್ಮಸ್ಥಳಕ್ಕೆ ಹೊರಟ ನೆಂಟರ ಗುಂಪಿನದು. ಬ್ಯಾಗು, ಬುತ್ತಿ, ಅಳುವ ಮಗು, ಎಲ್ಲ ಮುಂದಿವೆ. ಹಿಂದೆ, ಎಡಗಡೆಯ ತುದಿಯಲ್ಲಿ, ಫೋಕಸ್ಸಿಗೆ ಸಿಗದ ಬೂತು. ಒಳಗೊಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಒಂದು ಕಿವಿಗೆ ರಿಸೀವರು, ಬಸ್ಸಿನ ಹಾರ್ನು ಕೇಳದಿರಲೆಂದು ಇನ್ನೊಂದು ಕಿವಿಗೆ ಬೆರಳು.