ಜೀವಕೋಶ: ರಚನೆ ಮತ್ತು ಕಾರ್ಯ

ಆನೆಯಿಂದ ಇರುವೆಯವರೆಗೆ, ಆಲದ ಮರದಿಂದ ಹಾವಸೆಯವರೆಗೆ, ಸಕಲ ಜೀವಿಗಳೂ ಜೀವಕೋಶಗಳಿಂದ ಆದವು. ಕೆಲವು ಜೀವಿಗಳ ಇಡೀ ಬಾಳು ಒಂದೇ ಕೋಶದೊಳಗೆ ಮುಗಿಯುತ್ತದೆ. ಮನುಷ್ಯದೇಹದಲ್ಲಾದರೋ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂದು ವಿಜ್ಞಾನಿಗಳ ಅಂದಾಜು. ಇವುಗಳಲ್ಲಿ ಅನೇಕವು ಮಿಲಿಮೀಟರಿನ ನೂರನೆಯ ಒಂದೆರಡು ಪಾಲಿನಷ್ಟೇ ಅಗಲವಾಗಿದ್ದು ಬರಿಗಣ್ಣಿಗೆ ಕಾಣವು. ಇಷ್ಟು ಸಣ್ಣ ವಸ್ತುವಿನ ಅರಿವಿನಿಂದ ಲೋಕಕ್ಕೆ ಆಗುವ ಉಪಕಾರವೇನು ಎಂಬ ಪ್ರಶ್ನೆ ಸಹಜವೇ. ಕೋಶದ ಪೊರೆಯಲ್ಲಿರುವ ಒಂದು ಕಿರುಬಾಗಿಲಿನ ಪರಿಚಯವು ವಾಂತಿಭೇದಿಗೆ ತುತ್ತಾಗಲಿದ್ದ ಕೋಟಿಗಟ್ಟಲೆ ಜನರನ್ನು ಉಳಿಸಿದ ವೃತ್ತಾಂತವು ಈ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಕೋಶದ ಶೋಧ

1665ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಅವರು, ಬೆಂಡಿನ ತೆಳುವಾದ ಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡ ಜೇನುಗೂಡಿನಂತಹ ಪುಟ್ಟ ಕೋಣೆಗಳನ್ನು ವರ್ಣಿಸಿದರು. ಅವರು ಕಂಡದ್ದು ಸತ್ತ ಕೋಶಗಳ ಬರಿಯ ಗೋಡೆಗಳನ್ನು. ಮುಂದಿನ ದಶಕದಲ್ಲಿ ಹಾಲೆಂಡಿನ ಲೇವನ್‌ಹುಕ್ ಅವರು ನೀರಿನ ಹನಿಯಲ್ಲಿ ಚಲಿಸುವ ಏಕಕೋಶ ಜೀವಿಗಳನ್ನು ಕಂಡರು. ಸಸ್ಯಗಳೆಲ್ಲ ಕೋಶಗಳಿಂದ ಆದವೆಂದು 1838ರಲ್ಲಿ ಷ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಷ್ವಾನ್ ಪ್ರತಿಪಾದಿಸಿದರು. ಕೋಶದಿಂದಲೇ ಕೋಶ ಹುಟ್ಟುತ್ತದೆಂಬ ತತ್ತ್ವವನ್ನು 1855ರಲ್ಲಿ ಜರ್ಮನಿಯ ವೈದ್ಯ ವಿರ್ಷೋ ಎತ್ತಿಹಿಡಿದರು.

ಕೋಶದ ಒಳಾಂಗ

ಪ್ರಾಣಿಕೋಶವನ್ನು ಸುತ್ತುವರಿದಿರುವುದು ಪೊರೆ. ಸಸ್ಯಕೋಶಕ್ಕೆ ಅದರ ಹೊರಗೆ ಗಟ್ಟಿಯಾದ ಗೋಡೆಯೂ ಉಂಟು. ಒಳಗೆ ಕೋಶರಸ, ಅದರಲ್ಲಿ ನ್ಯೂಕ್ಲಿಯಸ್ ಮೊದಲಾದ ಅಂಗಕಗಳು. ಮನುಷ್ಯನ ಸಾಮಾನ್ಯ ಕೋಶವೊಂದರ ನ್ಯೂಕ್ಲಿಯಸ್ಸಿನಲ್ಲಿ 46 ವರ್ಣತಂತುಗಳಿವೆ. ಅವುಗಳಲ್ಲಿ ಸುರುಳಿ ಸುತ್ತಿಕೊಂಡಿರುವ ಡಿ.ಎನ್.ಎ. ಎಳೆಗಳನ್ನೆಲ್ಲ ಬಿಡಿಸಿ ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾದೀತು. ಯಾವ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಲಿಖಿತವಿರುವುದು ಅಲ್ಲಿಯೇ. ಆ ಲಿಖಿತದ ಪ್ರತಿಯು ಆರ್.ಎನ್.ಎ. ರೂಪದಲ್ಲಿ ಹೊರಬಂದು ರೈಬೋಸೋಮ್‌ಗಳನ್ನು ಸೇರುತ್ತದೆ; ಪ್ರೋಟೀನುಗಳು ಸಿದ್ಧವಾಗುವುದು ಅಲ್ಲಿ. ಮೈಟೊಕಾಂಡ್ರಿಯಗಳು ಆಹಾರದ ಸಾರವನ್ನು ಆಮ್ಲಜನಕದ ನೆರವಿನಿಂದ ಒಡೆದು ಶಕ್ತಿಯನ್ನು ಒದಗಿಸುತ್ತವೆ. ಲೈಸೋಸೋಮ್‌ಗಳು ಸವೆದ ಭಾಗಗಳನ್ನು ಜೀರ್ಣಿಸುತ್ತವೆ.

ಎಲ್ಲ ಕೋಶಗಳೂ ಒಂದೇ ಬಗೆಯವಲ್ಲ. ರಚನೆಯು ಕಾರ್ಯಕ್ಕೆ ಅನುಗುಣವಾಗಿರುತ್ತದೆ. ಆಮ್ಲಜನಕವನ್ನು ಹೊರುವ ಮನುಷ್ಯನ ಕೆಂಪು ರಕ್ತಕಣವು ಬಲಿತಾಗ ತನ್ನ ನ್ಯೂಕ್ಲಿಯಸ್ಸನ್ನೇ ತೊರೆದು, ಸುಮಾರು 120 ದಿನ ದುಡಿದು ಅಳಿಯುತ್ತದೆ. ಸುದ್ದಿ ಸಾಗಿಸುವ ನರಕೋಶವು ಉದ್ದವಾದ ಎಳೆಯನ್ನು ಚಾಚಿಕೊಂಡಿರುತ್ತದೆ. ಸಣ್ಣ ಕರುಳಿನ ಒಳಮೈಯ ಕೋಶವಂತೂ ಹೆಚ್ಚು ಸಾರವನ್ನು ಹೀರಲೆಂದು ತನ್ನ ಪೊರೆಯನ್ನು ಸಾವಿರಾರು ಸೂಕ್ಷ್ಮ ಬೆರಳುಗಳಂತೆ ಮಡಿಸಿಕೊಂಡಿದೆ.

ಪೊರೆಯೆಂಬ ಎಲ್ಲೆ

ಈ ಪೊರೆಯು ಎಷ್ಟು ತೆಳುವೆಂದರೆ ಲಕ್ಷಕ್ಕೂ ಮಿಕ್ಕ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೂ ದಪ್ಪ ಒಂದು ಮಿಲಿಮೀಟರ್ ಮಾತ್ರ. ಎರಡು ಪದರದ ಮೇದಸ್ಸಿನ ಅಣುಗಳು, ಅವುಗಳ ನಡುವೆ ತೇಲುವ ಪ್ರೋಟೀನುಗಳು: ಇದು 1972ರಲ್ಲಿ ಸಿಂಗರ್ ಮತ್ತು ನಿಕಲ್ಸನ್ ಅವರು ಮುಂದಿಟ್ಟ ಚಿತ್ರ. ನೀರು ಪೊರೆಯನ್ನು ಹಾದುಹೋಗಬಲ್ಲದು; ಲವಣ, ಸಕ್ಕರೆಗಳು ಹಾಗೆ ನುಗ್ಗಲಾರವು. ಅವುಗಳಿಗೆ ಪ್ರೋಟೀನಿನ ಬಾಗಿಲುಗಳೇ ಗತಿ.

ಎರಡು ಕಡೆಯಲ್ಲಿ ಲವಣದ ಪ್ರಮಾಣ ಹೆಚ್ಚುಕಡಿಮೆಯಾದರೆ ನೀರು ಹೆಚ್ಚು ಲವಣವಿರುವ ಕಡೆಗೆ ಹರಿಯುತ್ತದೆ. ಶಾಲೆಯ ಸೂಕ್ಷ್ಮದರ್ಶಕದಲ್ಲಿಯೇ ಇದನ್ನು ಕಾಣಬಹುದು. ಕೆಂಪು ಈರುಳ್ಳಿಯ ಬಣ್ಣದ ಸಿಪ್ಪೆಯನ್ನು ತೆಳುವಾಗಿ ಸುಲಿದು ಗಾಜುಪಟ್ಟಿಯ ಮೇಲಿಟ್ಟು, ಗಾಢವಾದ ಉಪ್ಪುನೀರಿನ ಹನಿ ಬಿಟ್ಟರೆ, ಕೆಲವೇ ನಿಮಿಷಗಳಲ್ಲಿ ಕೋಶದ ಒಳಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ. ಶುದ್ಧ ನೀರನ್ನು ಹಾಯಿಸಿದರೆ ಜೀವವುಳ್ಳ ಕೋಶ ಮತ್ತೆ ತುಂಬಿಕೊಳ್ಳುತ್ತದೆ.

ಪ್ರಾಣಿಕೋಶವು ಈ ಲವಣದ ಸಮತೋಲವನ್ನು ಪ್ರಯಾಸದಿಂದ ಕಾಯ್ದುಕೊಳ್ಳುತ್ತದೆ. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಅವರು ಗುರುತಿಸಿದ ಪ್ರೋಟೀನ್ ಪಂಪು, ಪ್ರತಿ ಆವರ್ತಕ್ಕೆ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ. ಹೀಗೆ ಒಳಗೆ ಸೋಡಿಯಂ ವಿರಳವಾಗಿರುವುದರಿಂದ ಹೊರಗಿನ ಸೋಡಿಯಂ ಒಳಬರಲು ಸದಾ ತವಕಿಸುತ್ತದೆ. ಆ ತವಕವನ್ನೇ ಕರುಳಿನ ಕೋಶ ಬಳಸಿಕೊಳ್ಳುತ್ತದೆ. ಅದರ ಪೊರೆಯ ಒಂದು ಬಾಗಿಲು 2 ಸೋಡಿಯಂ ಅಯಾನುಗಳೊಡನೆ 1 ಗ್ಲೂಕೋಸ್ ಅಣುವನ್ನು ಜೊತೆಗೂಡಿಸಿ ಒಳಗೊಯ್ಯುತ್ತದೆ. ಅವುಗಳ ಬೆನ್ನಿಗೇ ನೀರೂ ಹೀರಲ್ಪಡುತ್ತದೆ. ಈ ಜೊತೆಪಯಣದ ಕಲ್ಪನೆಯನ್ನು 1960ರಲ್ಲಿ ಪ್ರಾಗ್ ನಗರದ ವಿಜ್ಞಾನ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಮಂಡಿಸಿದರು.

ಕಾಲರಾ ಮತ್ತು ಕಿರುಬಾಗಿಲು

ಕಾಲರಾ ರೋಗಾಣು ಕರುಳನ್ನು ಕೊರೆಯುವುದಿಲ್ಲ, ವಿಷವನ್ನು ಸ್ರವಿಸುತ್ತದೆ. ರೋಗಾಣುಗಳನ್ನು ಸೋಸಿ ತೆಗೆದ ದ್ರವವೂ ಮೊಲದ ಕರುಳಿನಲ್ಲಿ ನೀರು ತುಂಬಿಸುತ್ತದೆಂದು 1959ರಲ್ಲಿ ಕಲ್ಕತ್ತೆಯ ಡಾ. ಶಂಭುನಾಥ ಡೇ ಅವರು ತೋರಿಸಿಕೊಟ್ಟರು. ಈ ವಿಷಕ್ಕೆ ಸಿಕ್ಕ ಕೋಶದಲ್ಲಿ ಕ್ಲೋರೈಡಿನ ಬಾಗಿಲು ಮುಚ್ಚದೆ ತೆರೆದೇ ಉಳಿಯುತ್ತದೆ. ಕ್ಲೋರೈಡ್ ಹೊರಸುರಿಯುತ್ತದೆ, ಸೋಡಿಯಮ್ಮೂ ನೀರೂ ಅದನ್ನು ಹಿಂಬಾಲಿಸುತ್ತವೆ. ರೋಗ ಉಲ್ಬಣಿಸಿದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ನಷ್ಟವಾಗಿ, ಚಿಕಿತ್ಸೆಯಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು ಸಂಭವಿಸಬಹುದು. ಬರಿಯ ನೀರು ಕುಡಿಸಿದರೆ ಈ ನಷ್ಟ ತುಂಬದು. ಆದರೆ ಸೋಡಿಯಂ ಮತ್ತು ಗ್ಲೂಕೋಸಿನ ಜೋಡಿ ಬಾಗಿಲನ್ನು ಈ ವಿಷ ಕೆಡಿಸುವುದಿಲ್ಲ. ಚಿಕಿತ್ಸೆಯ ಗುಟ್ಟು ಇರುವುದು ಇಲ್ಲಿಯೇ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರು ಗ್ಲೂಕೋಸು, ಲವಣಗಳು ಕೂಡಿದ ನೀರನ್ನು ಕಾಲರಾ ರೋಗಿಗಳಿಗೆ ಕುಡಿಸಿ, ರಕ್ತನಾಳಕ್ಕೆ ಹನಿಸಬೇಕಾದ ದ್ರವದ ಪ್ರಮಾಣ ಬಹಳ ಇಳಿಯುವುದನ್ನು ಕಂಡರು. 1971ರ ಬಾಂಗ್ಲಾ ವಿಮೋಚನಾ ಸಮರದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹನಿಸುವ ದ್ರವ ಸಾಲದಾಯಿತು. ಡಾ. ದಿಲೀಪ್ ಮಹಲನಬಿಸ್ ಅವರು ಗ್ಲೂಕೋಸು, ಅಡುಗೆಯ ಉಪ್ಪು, ಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. 2022ರಲ್ಲಿ ನಿಧನರಾದ ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಸಂದಿತು.

ಇಂದು ಔಷಧದಂಗಡಿಯಲ್ಲಿ ದೊರೆಯುವ ಓ.ಆರ್.ಎಸ್. ಪೊಟ್ಟಣ ಇದೇ ತತ್ತ್ವದ ಫಲ. ಅದು ದೊರೆಯದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಅಳತೆ ತಪ್ಪಬಾರದು. ಸಕ್ಕರೆ ಅತಿಯಾದರೆ ನೀರು ಕರುಳಿನತ್ತಲೇ ಸೆಳೆಯಲ್ಪಟ್ಟು ಭೇದಿ ಹೆಚ್ಚುತ್ತದೆ. ಉಪ್ಪು ಅತಿಯಾದರೆ ಮಗುವಿಗೆ ಅಪಾಯ.

ಕೋಶದ ಚಿತ್ರವನ್ನು ಬರೆದು ಭಾಗಗಳ ಹೆಸರುಗಳನ್ನು ಗುರುತಿಸುವುದು ತರಗತಿಗಳಲ್ಲಿ ವಾಡಿಕೆ. ಹೆಸರುಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ಗೆದ್ದಾನು. ಈರುಳ್ಳಿಯ ಸಿಪ್ಪೆಯಲ್ಲಿ ನೀರಿನ ಹೋಗುಬರವನ್ನು ಕಣ್ಣಾರೆ ಕಂಡು, ಉಪ್ಪು ಸಕ್ಕರೆಗಳು ಏಕೆ ಜೊತೆಯಾಗಿಯೇ ಇರಬೇಕೆಂದು ತಿಳಿದ ವಿದ್ಯಾರ್ಥಿಯಾದರೋ ಮನೆಯಲ್ಲಿ ಭೇದಿಯಿಂದ ಬಳಲುವ ತಮ್ಮನನ್ನೋ ತಂಗಿಯನ್ನೋ ಉಳಿಸಿಯಾನು. ಅದಕ್ಕೆ ಬೇಕಾದುದು ಒಂದು ಸೂಕ್ಷ್ಮದರ್ಶಕ, ಒಂದು ಈರುಳ್ಳಿ, ಒಂದು ಚಿಟಿಕೆ ಉಪ್ಪು ಮತ್ತು ‘ಏಕೆ’ ಎಂದು ಕೇಳಲು ಕಲಿಸುವ ಒಬ್ಬ ಅಧ್ಯಾಪಕ.