ಮುಳ್ಳಯ್ಯನಗಿರಿ: ಮಳೆ ಹಂಚುವ ಶಿಖರ

ಕರ್ನಾಟಕದ ಅತಿ ಎತ್ತರದ ಶಿಖರ ಪಶ್ಚಿಮ ಘಟ್ಟದ ಮುಖ್ಯ ಸಾಲಿನಲ್ಲಿಲ್ಲ. ಕುದುರೆಮುಖ, ಗಂಗಾಮೂಲಗಳಿರುವ ಆ ಸಾಲಿನಿಂದ ಪೂರ್ವಕ್ಕೆ ಸರಿದು, ಚಿಕ್ಕಮಗಳೂರಿನ ಚಂದ್ರದ್ರೋಣ ಶ್ರೇಣಿಯಲ್ಲಿ ಮುಳ್ಳಯ್ಯನಗಿರಿ ನಿಂತಿದೆ. ಎತ್ತರ ಸುಮಾರು 1,930 ಮೀಟರ್. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ.

ಹೀಗೆ ಒಳನಾಡಿಗೆ ಸರಿದು ನಿಂತದ್ದರಿಂದಲೇ ಇಲ್ಲಿ ಸುರಿದ ಮಳೆ ಅರಬ್ಬೀ ಸಮುದ್ರದತ್ತ ಇಳಿಯುವುದಿಲ್ಲ. ಲಾಳಾಕಾರದ ಈ ಶ್ರೇಣಿಯ ಮಡಿಲಲ್ಲಿ ಜಾಗರ ಕಣಿವೆಯಿದೆ. ಕಣಿವೆಯ ನೀರು ಸೋಮವಾಹಿನಿಯಾಗಿ ಭದ್ರೆಗೆ ಸೇರುತ್ತದೆ. ಪೂರ್ವದ ಇಳಿಜಾರಿನ ಹಳ್ಳಗಳು ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸಿ, ವೇದಾವತಿಯಾಗಿ ಬಯಲುಸೀಮೆಗೆ ಹೊರಡುತ್ತವೆ. ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ನೀರುಣಿಸುವ ನದಿ ಇದೇ. ದಕ್ಷಿಣಕ್ಕೆ ಹರಿಯುವ ಯಗಚಿ ಬೇಲೂರನ್ನು ಹಾದು ಹೇಮಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಭದ್ರೆ, ವೇದಾವತಿಗಳ ನೀರು ತುಂಗಭದ್ರೆಯಾಗಿ ಕೃಷ್ಣೆಯ ಪಾಲು. ರಾಜ್ಯದ ಎರಡು ಮಹಾನದಿಗಳ ಜಲಾನಯನ ಪ್ರದೇಶಗಳನ್ನು ಬೇರ್ಪಡಿಸುವ ಏಣು ಇದು.

ಇಷ್ಟು ಎತ್ತರ ಉಳಿದದ್ದಾದರೂ ಹೇಗೆ? ಉತ್ತರ ಕಲ್ಲಿನಲ್ಲಿದೆ. ಭೂವಿಜ್ಞಾನಿಗಳು ಬಾಬಾಬುಡನ್ ಸಮೂಹವೆಂದು ಕರೆಯುವ ಇಲ್ಲಿನ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂಡಿದ ಗಟ್ಟಿ ಕಲ್ಲು ಶ್ರೇಣಿಯ ನೆತ್ತಿಯನ್ನು ಕಾಯುತ್ತಿದೆ. ಸುತ್ತಲಿನ ಮೆತ್ತನೆಯ ಶಿಲೆ ಸವೆದಷ್ಟು ಬೇಗ ಇದು ಸವೆಯದು. ಇದೇ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ದಶಕಗಳ ಕಾಲ ಸಾಗಿತು.

ಕಲ್ಲು ಎತ್ತರ ಕೊಟ್ಟರೆ, ನೀರನ್ನು ಹಿಡಿದಿಡುವುದು ಹುಲ್ಲು ಮತ್ತು ಶೋಲಾ ಕಾಡು. ಗಾಳಿಗೆ ಒಡ್ಡಿಕೊಂಡ ಬೋಳು ಇಳಿಜಾರಿನಲ್ಲಿ ಹುಲ್ಲು. ಮಡಿಕೆಗಳಲ್ಲಿ ಪಾಚಿ ಹೊತ್ತ ಗಿಡ್ಡ ಮರಗಳು. ಜೂನ್‌ನಿಂದ ಸುರಿಯುವ ಮಳೆಯನ್ನು ಈ ಎರಡೂ ಹೀರಿಕೊಂಡು ಮೆಲ್ಲಗೆ ಬಿಟ್ಟುಕೊಡುತ್ತವೆ. ಕೆಳಗಿನ ಇಳಿಜಾರುಗಳಲ್ಲಿ ಕಾಫಿ ತೋಟ. ಸೂಫಿ ಸಂತ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರೆಂದು ಜನ ನಂಬುವುದು ಈ ಶ್ರೇಣಿಯಲ್ಲೇ.

ನೀರನ್ನು ಹಿಡಿದಿಡುವ ಈ ಹುಲ್ಲಿಗೆ ಕುತ್ತು ಪ್ರವಾಸಿಗರಿಂದ. ವಾರಾಂತ್ಯದಲ್ಲಿ ಬೆಟ್ಟದ ಬುಡದ ಕೈಮರ ದಾಟಿ ವಾಹನಗಳು ಸಾಲುಗಟ್ಟಿ ಏರುತ್ತವೆ. ತುದಿಗೇರುವ ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿದವರ ಕಾಲಿಗೆ ಸಿಕ್ಕ ಹುಲ್ಲು ಸತ್ತು, ತೆಳು ಮಣ್ಣು ಮೊದಲ ಮಳೆಗೇ ಜಾರುತ್ತದೆ. ಆ ಮಣ್ಣು ಹೋಗಿ ತುಂಬುವುದು ಕೆಳಗಿನ ಹಳ್ಳ, ಕೆರೆಗಳನ್ನೇ. ಹೂಳಿನ ಭಾರ ಹೊರುವವರು ಗಿರಿಯನ್ನು ಹತ್ತಿಯೇ ಇರದ ಬಯಲಿನ ರೈತರು.