ಹದ್ದನ್ನು ಅಳೆಯುವ ಹದ್ದು

ಕನ್ನಡದಲ್ಲಿ ‘ಹದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಒಂದು, ರೆಕ್ಕೆ ಬಡಿಯದೆಯೇ ಆಕಾಶದಲ್ಲಿ ಸುತ್ತು ಹಾಕುತ್ತ ನೆಲದ ಮೇಲಿನ ಇಲಿಯನ್ನು ಕಾಣಬಲ್ಲ ಪಕ್ಷಿ. ಇನ್ನೊಂದು, ಅರಬ್ಬೀ ಭಾಷೆಯಿಂದ ಹೊರಟು ಕಂದಾಯ ಕಚೇರಿಯ ಮಾರ್ಗವಾಗಿ ನಮ್ಮ ಹೊಲಗಳಿಗೆ ಇಳಿದುಬಂದ, ಎಲ್ಲೆಯೆಂಬ ಅರ್ಥದ ಪದ. ಈ ಎರಡನೆಯ ಹದ್ದನ್ನು ಗೊತ್ತುಮಾಡುವ ಅಳತೆಗೆ ಇಂದಿಗೂ ‘ಹದ್ದುಬಸ್ತು’ ಎಂದೇ ಹೆಸರು. ಬಹುಕಾಲ ಒಂದರ ಗೊಡವೆ ಮತ್ತೊಂದಕ್ಕೆ ಇಲ್ಲದೆ ಬಾಳಿದ ಈ ಎರಡು ಹದ್ದುಗಳ ನಡುವೆ ಈಗ ಅನಿರೀಕ್ಷಿತವಾದ ಸಂಬಂಧವೊಂದು ಕುದುರಿದೆ: ಮೊದಲನೆಯದರಂತೆ ಹಾರುವ ಯಂತ್ರವೊಂದು ಎರಡನೆಯದನ್ನು ಅಳೆಯತೊಡಗಿದೆ.

ಅಫಜಲಪುರ ತಾಲ್ಲೂಕಿನ ಅತನೂರನ್ನು ಕಣ್ಣಮುಂದೆ ಇಟ್ಟುಕೊಂಡು ಈ ಯಂತ್ರದ ವಿಚಾರವನ್ನು ನೋಡೋಣ. ಭೀಮಾನದಿಯ ಸೀಮೆ, ಎರೆಭೂಮಿ, ತೊಗರಿ, ಹಿಂಗಾರಿ ಜೋಳ, ದೃಷ್ಟಿ ಹರಿಯುವಷ್ಟು ದೂರ ಅಡ್ಡವಿಲ್ಲದ ಬಯಲು. ಇಂಥ ನೆಲವನ್ನು ಹಿಂದಿನ ಮೋಜಣಿದಾರರು ಅಳೆದದ್ದು 33 ಅಡಿಯ ಸರಪಳಿಯಿಂದ. ಆ ಸರಪಳಿಗೆ ರೂಪಾಯಿಯಂತೆಯೇ 16 ಆಣೆಗಳು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಎಕರೆ. ಕೈಯಲ್ಲಿ ಹಿಡಿದ ಸಲಕರಣೆಗೂ ಬಾಯಲ್ಲಿ ಆಡುವ ಲೆಕ್ಕಕ್ಕೂ ಇಷ್ಟು ಸೊಗಸಾದ ಹೊಂದಾಣಿಕೆಯನ್ನು ನಾನು ಬೇರೆ ಯಾವ ಕಸುಬಿನಲ್ಲಿಯೂ ಕಂಡಿಲ್ಲ.

ಆದರೆ ಆ ಸರಪಳಿ ಹೊಲಗಳನ್ನು ಅಳೆದು ಊರಿನ ಬಾಗಿಲಲ್ಲಿಯೇ ನಿಂತುಬಿಡುತ್ತಿತ್ತು. ಮನೆಗಳು ಕೂಡಿದ ಗಾವಠಾಣದೊಳಗೆ ಯಾರ ಗೋಡೆ ಎಲ್ಲಿಗೆ ಮುಗಿಯುತ್ತದೆಂಬುದಕ್ಕೆ ದೇಶದ ಬಹುಭಾಗದಲ್ಲಿ ಸರಿಯಾದ ನಕ್ಷೆಯೇ ಇರಲಿಲ್ಲ. ಈ ಕೊರತೆಯನ್ನು ತುಂಬಲೆಂದು ಕೇಂದ್ರದ ಪಂಚಾಯತಿ ರಾಜ್ ಸಚಿವಾಲಯವು 24 ಏಪ್ರಿಲ್ 2020ರಂದು ‘ಸ್ವಾಮಿತ್ವ’ ಯೋಜನೆಯನ್ನು ಆರಂಭಿಸಿತು. ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಭಾರವು 1767ರಷ್ಟು ಹಿಂದೆಯೇ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ಪಾಲಿಗೆ ಬಂತು. ಅದೇ ವರ್ಷ ಅಕ್ಟೋಬರ್ 11ರಂದು ಆರು ರಾಜ್ಯಗಳ 763 ಗ್ರಾಮಗಳವರಿಗೆ ಮೊದಲ ಆಸ್ತಿಪತ್ರಗಳು ದೊರೆತಾಗ ಅವುಗಳಲ್ಲಿ ಕರ್ನಾಟಕದ ಗ್ರಾಮಗಳು ಎರಡೇ ಎರಡು.

ಮದುವೆಮನೆಗಳಲ್ಲಿ ನಾವು ಕಾಣುವ ನಾಲ್ಕು ಪಂಖಗಳ ಡ್ರೋನು ನಿಂತಲ್ಲಿಯೇ ನಿಲ್ಲಬಲ್ಲದು. ಚಿಕ್ಕ ಊರಿಗೆ ಅದು ಸಾಕು. ಊರನ್ನು ದಾಟಿ ಸುತ್ತಲಿನ ಸೀಮೆಯನ್ನೆಲ್ಲ ಚಿತ್ರಿಸಬೇಕೆಂದರೆ ಮಾತ್ರ ಸ್ಥಿರವಾದ ರೆಕ್ಕೆಯುಳ್ಳ, ಪುಟ್ಟ ವಿಮಾನದ ಆಕಾರದ ಡ್ರೋನೇ ಬೇಕು. ಕಾರಣ ಸರಳವಾಗಿದೆ. ಎರಡು ಕಿಲೋ ತೂಕದ ನಾಲ್ಕು ಪಂಖಗಳ ಯಂತ್ರವು ತನ್ನ ಎರಡು ಕಿಲೋವನ್ನೂ ಕ್ಷಣಕ್ಷಣವೂ ಮೋಟಾರಿನ ಬಲದಿಂದಲೇ ಎತ್ತಿಹಿಡಿದಿರಬೇಕು. ರೆಕ್ಕೆಯುಳ್ಳ ಯಂತ್ರದಲ್ಲಾದರೋ ಭಾರವನ್ನು ಹೊರುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ, ಮೋಟಾರು ಗಾಳಿಯ ತಡೆಯನ್ನಷ್ಟೇ ಗೆಲ್ಲಬೇಕು, ಮತ್ತು ಆ ತಡೆಯು ಭಾರದ ಎಂಟರಲ್ಲೊಂದು ಪಾಲಿನಷ್ಟಿದ್ದರೆ ಕಾಲು ಕಿಲೋ ನೂಕುಬಲದಲ್ಲಿ ಕೆಲಸ ನಡೆದುಹೋಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಒಂದುಂಟು: ಇದು ನಿಲ್ಲಲಾರದು. ವೇಗ ಒಂದು ಮಿತಿಗಿಂತ ಇಳಿಯಿತೆಂದರೆ ರೆಕ್ಕೆ ತನ್ನ ಹಿಡಿತವನ್ನು ಬಿಟ್ಟು ಕಲ್ಲಿನಂತೆ ಬೀಳುತ್ತದೆ. ಆದುದರಿಂದ ಇದರ ಸಿದ್ಧತೆಯೆಲ್ಲ ನೆಲದ ಮೇಲೆಯೇ ಮುಗಿಯತಕ್ಕದ್ದು.

ಹಗುರವಾದ ಫೋಮಿನ ಆ ಮೈಯನ್ನು ಪೆಟ್ಟಿಗೆಯಿಂದ ತೆಗೆದು ರೆಕ್ಕೆಗಳನ್ನು ಕೂಡಿಸಿ, ಬ್ಯಾಟರಿ ಕ್ಯಾಮೆರಾಗಳನ್ನು ಒಳಗಿಟ್ಟು ಮುಚ್ಚಳ ಹಾಕಿದ ಮೇಲೆ, ರೆಕ್ಕೆಗಳ ಅಡಿಯಲ್ಲಿ ಗುರುತು ಮಾಡಿದ ಎರಡು ಬಿಂದುಗಳಿಗೆ ಎರಡು ತೋರುಬೆರಳು ಕೊಟ್ಟು ಎತ್ತಬೇಕು. ತಕ್ಕಡಿಯ ದಂಡಿಗೆಯಂತೆ ಸಮನಾಗಿ ನಿಂತರೆ, ಅಥವಾ ಮೂತಿ ಒಂದಿಷ್ಟೇ ಬಾಗಿದರೆ ಗುರುತ್ವಕೇಂದ್ರವು ಸ್ಥಾನದಲ್ಲಿದೆಯೆಂದು ಅರ್ಥ. ಬಾಲ ಬಾಗಿದರೆ ಬ್ಯಾಟರಿಯನ್ನು ಬೆರಳಗಲ ಮುಂದಕ್ಕೆ ಸರಿಸಬೇಕು. ಬಾಲಭಾರದ ವಿಮಾನವು ಎಸೆದ ಕೂಡಲೇ ಮೂತಿ ಎತ್ತಿ, ವೇಗ ಕಳೆದುಕೊಂಡು, ಎಸೆದವನ ಮುಂದೆಯೇ ಬಂದು ಬೀಳುತ್ತದೆ. ಅನಂತರದ ಪರೀಕ್ಷೆಯನ್ನು ನೋಡಲು ಬಲು ಚೆಂದ. ಆಟೋಪೈಲಟ್ ಎಂಬ ಬೆಂಕಿಪೊಟ್ಟಣದಷ್ಟರ ಮಿದುಳನ್ನು ಎಚ್ಚರಿಸಿ, ವಿಮಾನವನ್ನು ಕೈಯಲ್ಲಿ ಹಿಡಿದು ಬಲರೆಕ್ಕೆಯನ್ನು ಮೇಲೆತ್ತಿದರೆ, ಆ ರೆಕ್ಕೆಯ ಹಿಂಬದಿಯ ಪಟ್ಟಿಯು ತಾನಾಗಿ ಮೇಲೆದ್ದು, ಎಡಗಡೆಯದು ಕೆಳಗಿಳಿಯಬೇಕು. ಮೂತಿಯನ್ನು ತಗ್ಗಿಸಿದರೆ ಎರಡು ಪಟ್ಟಿಗಳೂ ಒಟ್ಟಿಗೆ ಏಳಬೇಕು. ಮಲಗಿದ ಮಗು ಹೊರಳಿದಾಗ ತಾಯಿಯ ಕೈ ನಿದ್ದೆಯಲ್ಲಿಯೂ ಚಾಚುವಂತೆ, ಓಲಿದ ದಿಕ್ಕಿಗೆ ಪ್ರತಿಯಾಗಿ ಪಟ್ಟಿ ಆಡಬೇಕು. ತಂತಿಗಳು ಅದಲುಬದಲಾಗಿ ಅದು ತಿರುಗಾಮುರುಗಾ ಆಡಿತೋ, ಓಲುವಿಕೆಯನ್ನು ತಿದ್ದಬೇಕಾದ ಯಂತ್ರವೇ ಅದನ್ನು ಹೆಚ್ಚಿಸುತ್ತದೆ, ಎರಡು ಸೆಕೆಂಡುಗಳಲ್ಲಿ ಕಥೆ ಮುಗಿಯುತ್ತದೆ. ಇಂಥ ಯಂತ್ರಗಳು ಮುರಿಯುವುದು ಹೆಚ್ಚಾಗಿ ಗಾಳಿಯ ದೋಷದಿಂದಲ್ಲ, ಈ ಅರೆನಿಮಿಷದ ಪರೀಕ್ಷೆಯನ್ನು ಬಿಟ್ಟ ಅವಸರದಿಂದ ಎಂಬುದು ನನ್ನ ಅಭಿಪ್ರಾಯ. ಪಂಖ ಹಿಂದೆ ಇರುವ ಮಾದರಿಗಳಲ್ಲಿ, ಎಸೆತದ ರಭಸವನ್ನು ಅರಿತ ಮೇಲಷ್ಟೇ ಮೋಟಾರು ತಿರುಗುವಂತೆ ಮಾಡಿರುತ್ತಾರೆ. ಅದು ಎಸೆಯುವವನ ಬೆರಳುಗಳ ಕ್ಷೇಮಕ್ಕಾಗಿ.

ಇನ್ನು ಕ್ಯಾಮೆರಾದ ಗಣಿತ. 2021ರ ಡ್ರೋನ್ ನಿಯಮಗಳ ಮೇರೆಗೆ ಹಸಿರು ವಲಯದಲ್ಲಿ 400 ಅಡಿಯವರೆಗೆ, ಎಂದರೆ ಸುಮಾರು 120 ಮೀಟರ್ ಎತ್ತರದವರೆಗೆ, ಹಾರಲು ಪೂರ್ವಾನುಮತಿ ಬೇಡ. ಆ ಎತ್ತರದಿಂದ 20 ಮಿಲಿಮೀಟರ್ ಮಸೂರವುಳ್ಳ 24 ಮೆಗಾಪಿಕ್ಸೆಲಿನ ಸಾಧಾರಣ ಕ್ಯಾಮೆರಾದಲ್ಲಿ ಚಿತ್ರದ ಒಂದೊಂದು ಚುಕ್ಕೆಯೂ ನೆಲದ ಸುಮಾರು 2.3 ಸೆಂಟಿಮೀಟರಿಗೆ ಸಮ. ಇಡೀ ಚಿತ್ರವು 140 ಮೀಟರ್ ಅಗಲ, 94 ಮೀಟರ್ ಉದ್ದದ ನೆಲವನ್ನು ಹಿಡಿಯುತ್ತದೆ. ಆದರೆ ಚಿತ್ರದ ಪಕ್ಕಕ್ಕೆ ಚಿತ್ರವನ್ನು ಹಾಸುಗಲ್ಲಿನಂತೆ ಜೋಡಿಸಿಬಿಟ್ಟರಾಯಿತೆಂದುಕೊಂಡರೆ ತಪ್ಪು. ಕುಂಟೆ ಹೊಡೆಯುವ ರೈತ ಹಿಂದಿನ ಹಾದಿಯ ಮೇಲೆ ಒಂದಿಷ್ಟು ಹತ್ತಿಸಿಕೊಂಡೇ ಮುಂದಿನ ಹಾದಿಯನ್ನು ಹಿಡಿಯುವಂತೆ, ಇಲ್ಲಿಯೂ ಒಂದರ ಮೇಲೊಂದು ಹತ್ತಬೇಕು. ಅದೂ ಒಂದಿಷ್ಟಲ್ಲ, ಮುಂದಕ್ಕೆ ನೂರಕ್ಕೆ 80ರಷ್ಟು, ಪಕ್ಕಕ್ಕೆ 70ರಷ್ಟು. ಹಾಗಾದಾಗ 19 ಮೀಟರಿಗೊಂದು ಚಿತ್ರ, 42 ಮೀಟರಿಗೊಂದು ಸಾಲು. ಒಂದು ಚದರ ಕಿಲೋಮೀಟರಿಗೆ 24 ಸಾಲುಗಳು, ಹೆಚ್ಚುಕಡಿಮೆ 1,250 ಚಿತ್ರಗಳು.

ಈ ದುಂದುಗಾರಿಕೆ ಏಕೆ? ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮುಂದೆ ಹಿಡಿದು, ಕಣ್ಣುಗಳನ್ನು ಅದಲುಬದಲು ಮಾಡಿ ನೋಡಿರಿ: ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜಿಗಿಯುತ್ತದೆ; ಹತ್ತಿರ ತಂದಷ್ಟೂ ಜಿಗಿತ ಹೆಚ್ಚು. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಬಣವೆಯ ತುದಿ ಹತ್ತಿರ, ಹೊಲದ ನೆಲ ದೂರ. ಒಂದೇ ಬಣವೆಯು ಹತ್ತಾರು ಚಿತ್ರಗಳಲ್ಲಿ ಹತ್ತಾರು ಕೋನಗಳಿಂದ ಬಂದಿದ್ದರೆ, ಅದರ ಜಿಗಿತವನ್ನು ಗಣಕಯಂತ್ರವು ಅಳೆದು ಎತ್ತರವನ್ನು ಕಟ್ಟುತ್ತದೆ. ಎತ್ತರ ತಿಳಿದ ಮೇಲೆ ವಾಲಿದಂತೆ ಕಾಣುವ ಗೋಡೆಗಳನ್ನೆಲ್ಲ ನೆಟ್ಟಗೆ ಮಾಡಿ, ಎಲ್ಲಿ ಅಳೆದರೂ ಒಂದೇ ಪ್ರಮಾಣ ಬರುವ ಚಿತ್ರನಕ್ಷೆಯನ್ನು ನೇಯುತ್ತದೆ.

ಗಾಳಿ ಈ ಲೆಕ್ಕದಲ್ಲಿ ಕೈಹಾಕದೆ ಬಿಡುವುದಿಲ್ಲ. ವಿಮಾನದ ವೇಗ ಸೆಕೆಂಡಿಗೆ 15 ಮೀಟರ್, ಗಾಳಿಯದು 5 ಎಂದುಕೊಳ್ಳಿ. ಗಾಳಿಯೊಡನೆ ಹೋಗುವಾಗ ನೆಲದ ಮೇಲೆ ಅದು 20 ಮೀಟರ್ ಓಡುತ್ತದೆ, ಎದುರಿಗೆ ಬರುವಾಗ 10 ಮಾತ್ರ. ಕಾಲಕ್ಕೆ ಸರಿಯಾಗಿ ಚಿತ್ರ ತೆಗೆಯಲು ಹೇಳಿದರೆ ಒಂದು ಸಾಲಿನಲ್ಲಿ ತೆರಪು, ಮತ್ತೊಂದರಲ್ಲಿ ನಿಬಿಡ. ಆದಕಾರಣ ಚಿತ್ರವನ್ನು ಕ್ರಮಿಸಿದ ದೂರಕ್ಕೆ ಸರಿಯಾಗಿ ತೆಗೆಯಿಸಬೇಕು, ಸಾಲುಗಳನ್ನು ಗಾಳಿಗೆ ಅಡ್ಡಲಾಗಿ ಹಾಕಬೇಕು. ರಾಶಿ ತೂರುವವನು ಹಿಡಿಮಣ್ಣು ಬಿಟ್ಟು ದಿಕ್ಕು ನೋಡುವ ಹಾಗೆ ಮೊದಲು ಗಾಳಿಯನ್ನು ನೋಡಿಕೊಂಡು, ಆಮೇಲೆ ಗಣಕದ ತೆರೆಯ ಮೇಲೆ ಸಾಲುಗಳನ್ನು ತಿರುಗಿಸಿಡುವವನೇ ಕಸುಬುದಾರ. ಅಡ್ಡಗಾಳಿಯಲ್ಲಿ ವಿಮಾನವು ತುಂಬಿದ ಭೀಮೆಯನ್ನು ದಾಟುವ ಈಜುಗಾರನಂತೆ ಮೂತಿಯನ್ನು ಓರೆ ಮಾಡಿಕೊಂಡು ಹೋಗುತ್ತದೆ. ಹೊಸಬರು ಅದನ್ನು ಕಂಡು ಗಾಬರಿಯಾಗಬೇಕಾದ್ದಿಲ್ಲ. ಶಟರು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದಿದ್ದರೆ ಅಷ್ಟರಲ್ಲಿ ವಿಮಾನ ಸರಿಯುವುದು ಒಂದೂವರೆ ಸೆಂಟಿಮೀಟರ್; ಚುಕ್ಕೆಗಿಂತ ಕಿರಿದಾದ ಆ ಸರಿತವು ಚಿತ್ರವನ್ನು ಮಸುಕು ಮಾಡದು.

ಚಿತ್ರ ಎಷ್ಟೇ ನಿಚ್ಚಳವಾಗಿದ್ದರೂ ಅದು ಭೂಮಿಯ ಮೇಲೆ ಯಾವ ಸ್ಥಾನದ್ದೆಂದು ತಿಳಿಯದಿದ್ದರೆ ನಕ್ಷೆಯಾಗದು. ಉಪಗ್ರಹಗಳ ಸಂಕೇತವು ವಾಯುಮಂಡಲವನ್ನು ಹಾದು ಬರುವಾಗ ತಡವಾಗಿ, ಕೆಲವು ಮೀಟರುಗಳ ತಪ್ಪು ಸೇರುತ್ತದೆ. ಸ್ಥಾನವು ಮೊದಲೇ ನಿಷ್ಕರ್ಷೆಯಾದ ಒಂದು ಬಿಂದುವಿನಲ್ಲಿ ಮತ್ತೊಂದು ಗ್ರಾಹಕವನ್ನು ಮುಕ್ಕಾಲಿಯ ಮೇಲೆ ಇಟ್ಟರೆ, ಆಗಸದಲ್ಲಿರುವುದಕ್ಕೂ ಅದಕ್ಕೂ ಬಹುಮಟ್ಟಿಗೆ ಒಂದೇ ತಪ್ಪು ತಗಲುವುದರಿಂದ, ಕಳೆದಾಗ ಉಳಿಯುವುದು ಕೆಲವೇ ಸೆಂಟಿಮೀಟರು. ಉಪಾಯ ಹೊಸದಾದರೂ ತತ್ತ್ವ ಹಳೆಯದು: ಒಂದು ಕಡೆ ಚೆನ್ನಾಗಿ ಅಳೆ, ಉಳಿದುದನ್ನು ಅದಕ್ಕೆ ಕಟ್ಟು. ಮೋಜಣಿದಾರ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಉಕ್ಕಿನ ಸರಪಳಿಯಿಂದ ಆಧಾರರೇಖೆಯನ್ನು ಅಳೆದದ್ದೂ, 1815ರಲ್ಲಿ ಅವನ ಮೋಜಣಿ ಬೀದರಿನ ಸಮೀಪ ಮತ್ತೊಂದನ್ನು ಅಳೆದದ್ದೂ ಇದೇ ತತ್ತ್ವದ ಮೇಲೆಯೇ. ತಾಳೆ ನೋಡುವುದಕ್ಕಾಗಿ ನೆಲದ ಮೇಲೆ ಕೆಲವು ಗುರುತುಗಳನ್ನೂ ಹಾಕುತ್ತಾರೆ. ಎರೆಮಣ್ಣಿನ ಮೇಲೆ ಸುಣ್ಣದಲ್ಲಿ ಬರೆದ ಗುಣಿಸು ಚಿಹ್ನೆಯು ಕರಿಹಲಗೆಯ ಮೇಲಿನ ಸೀಮೆಸುಣ್ಣದಂತೆ ಎದ್ದುಕಾಣುತ್ತದೆ, ಕೆಂಪು ಮಡ್ಡಿಯ ನೆಲದವರಿಗೆ ಈ ಸೌಕರ್ಯ ಅಷ್ಟಿಲ್ಲ.

ಹೊಟ್ಟೆಯ ಮೇಲೆ ಜಾರಿ ಇಳಿಯುವ ಈ ಯಂತ್ರಕ್ಕೆ ತೊಗರಿ ಕೊಯ್ದ ಹೊಲ ಶತ್ರು. ಚೂಪಾಗಿ ನಿಂತ ಕೂಳೆಗಳು ಫೋಮನ್ನು ಸೀಳುತ್ತವೆ. ಕುಂಟೆ ಹೊಡೆದ ಹೊಲವೇ ಲೇಸು. ನಿಜವಾದ ಹದ್ದುಗಳು ತಮ್ಮ ಸೀಮೆಗೆ ಬಂದ ಈ ಪರಕೀಯನ ಮೇಲೆ ಎರಗುವುದೂ ಉಂಟು. ಅವುಗಳಿಗೂ ಹದ್ದುಬಸ್ತಿನ ತಕರಾರು ಇರಬಹುದು.

ಇಷ್ಟೆಲ್ಲ ಆದಮೇಲೂ ಯಂತ್ರವು ಕಾಣದಿರುವುದೊಂದಿದೆ. ನಮ್ಮ ಕಲಬುರಗಿ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ನೆರೆಹೊರೆಯವರಿಗೆ ಒಂದೇ ಗೋಡೆ. ಮೇಲಿನ ಮಣ್ಣಿನ ಮಾಳಿಗೆಯೂ ಒಂದಕ್ಕೊಂದು ಹತ್ತಿಕೊಂಡಿರುತ್ತದೆ. 120 ಮೀಟರ್ ಮೇಲಿನಿಂದ ನೋಡಿದರೆ ಅಣ್ಣನ ಮನೆ, ತಮ್ಮನ ಮನೆ ಎರಡೂ ಸೇರಿ, ನಾಲ್ಕು ಬೆಳಕಿಂಡಿಗಳುಳ್ಳ ಒಂದೇ ಮನೆ. ಬೇವಿನ ಮರದಡಿಯ ಗೋಡೆಯಂತೂ ಕಾಣುವುದೇ ಇಲ್ಲ. ಅಲ್ಲಿ ಟೇಪು ಹಿಡಿದು ಅಳೆಯಲೇಬೇಕು. ಸ್ವಾಮಿತ್ವದ ಕ್ರಮದಲ್ಲಿ ಹಾರಾಟಕ್ಕೆ ಮುನ್ನ ಊರವರ ಸಮಕ್ಷಮದಲ್ಲಿ ಎಲ್ಲೆಗಳ ಮೇಲೆ ಸುಣ್ಣದ ಗೆರೆ ಹಾಕುವುದು ಇದಕ್ಕಾಗಿಯೇ. ನಿಮ್ಮ ಊರಿನಲ್ಲಿ ಅಳತೆಯ ಡಂಗುರ ಸಾರಿದ ದಿನ ಹೊಲದ ಕೆಲಸವನ್ನು ಬಿಟ್ಟು, ಪಕ್ಕದ ಮನೆಯವರನ್ನೂ ಕರೆದುಕೊಂಡು ಮಾಳಿಗೆ ಹತ್ತಿರಿ, ಇಬ್ಬರೂ ಒಪ್ಪಿದ ಕಡೆ ಗೆರೆ ಎಳೆಯಿರಿ. ರಾತ್ರಿ ಮಳೆ ಬಂದು ಗೆರೆ ತೊಳೆದುಹೋದರೆ ಬೆಳಗ್ಗೆ ಮತ್ತೊಮ್ಮೆ ಎಳೆಯಿರಿ.